ಒಂಬತ್ತನೆಯ ಗಡಿಗೆ

ನಮ್ಮ ಮನೆಯಲ್ಲಿ ಪ್ರೀತಿ ನೆಲದ ಮೇಲೆ ಕೂತಿರುತ್ತಿತ್ತು. ಅದರ ತಲೆಯ ಮೇಲೆ ಸಂತೋಷ, ಸಂತೋಷದ ಮೇಲೆ ಸಮಾಧಾನ, ಅದರ ಮೇಲೆ ದೀರ್ಘಶಾಂತಿ, ತುದಿಗೆ ದಯೆ. ಪಕ್ಕದಲ್ಲೇ ಇನ್ನೊಂದು ಸಾಲು: ಕೆಳಗೆ ಉಪಕಾರ, ಆಮೇಲೆ ನಂಬಿಕೆ, ಸಾಧುತ್ವ, ಎಲ್ಲಕ್ಕಿಂತ ಮೇಲೆ ಶಮೆದಮೆ. ಇವು ಅಡುಗೆಮನೆಯ ಮೂಲೆಯಲ್ಲಿ ದೊಡ್ಡದರ ಮೇಲೆ ಚಿಕ್ಕದು, ಅದರ ಮೇಲೆ ಇನ್ನೂ ಚಿಕ್ಕದು ಎಂದು ಒಂದರ ಮೇಲೊಂದು ಕೂರಿಸಿದ ಮಣ್ಣಿನ ಗಡಿಗೆಗಳು. ನಮ್ಮ ಕಡೆ ಇದಕ್ಕೆ ಅಡಕಲು ಎನ್ನುತ್ತಾರೆ. ರೋಣದ ಬಹಳ ಮನೆಗಳಲ್ಲಿ ಆಗ ಅಡಕಲು ಇತ್ತು. ಗಡಿಗೆಗಳಿಗೆ ಹೆಸರಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹೆಸರಿಟ್ಟವಳು ಆಯಿ, ಅಂದರೆ ಅಪ್ಪನ ತಾಯಿ. ಅವಳಿಗೆ ಓದು ಬರುತ್ತಿರಲಿಲ್ಲ. ಹುಡುಗಿಯಾಗಿದ್ದಾಗ ಚರ್ಚಿನ ಸಭೆಯಲ್ಲಿ ಉಪದೇಶಿಗಳು ಬೈಬಲ್ಲಿನ ಆತ್ಮದ ಫಲಗಳು ಒಂಬತ್ತು ಎಂದು ಹೇಳಿಕೊಟ್ಟಿದ್ದರಂತೆ. ಮರೆತುಹೋದರೆ ಹೇಗೆ ಎಂದು, ಮದುವೆಯಾಗಿ ಬಂದ ಮನೆಯ ಒಂಬತ್ತು ಗಡಿಗೆಗಳಿಗೆ ಅವನ್ನು ಒಂದೊಂದಾಗಿ ಹಚ್ಚಿಬಿಟ್ಟಿದ್ದಳು. ಪ್ರೀತಿಯಲ್ಲಿ ಜೋಳ, ಏಕೆಂದರೆ ಅದು ದಿನವೂ ಬೇಕು. ಸಂತೋಷದಲ್ಲಿ ಗೋಧಿ, ಹಬ್ಬದ ಹುಗ್ಗಿಗೆ. ದೀರ್ಘಶಾಂತಿಯಲ್ಲಿ ಹುರುಳಿ, ಎಷ್ಟು ಬೇಯಿಸಿದರೂ ಲಗೂನೆ ಬೇಯದ ಕಾಳು. ತುದಿಯ ಶಮೆದಮೆಯಲ್ಲಿ ಬೆಲ್ಲ. ಶಮೆದಮೆ ಎಂದರೇನು ಎಂದು ನಾನು ಕೇಳಿದಾಗ ಆಯಿ ಆ ಪುಟ್ಟ ಗಡಿಗೆಯನ್ನು ತೋರಿಸಿ, ಬೆಲ್ಲ ಕೈಗೆಟಕುವ ಹಾಗಿದ್ದರೂ ತೆಗೆಯದೆ ಇರುವುದು ಎಂದಿದ್ದಳು. ನನಗೆ ಅರ್ಥವಾಗಿತ್ತು. ಆದರೂ ತೆಗೆಯುತ್ತಿದ್ದೆ.

ಆ ಮನೆ ಈಗ ಇಲ್ಲ. ಜಾಗದಲ್ಲಿ ಎರಡು ಅಂತಸ್ತಿನ ಗೊಬ್ಬರದ ಅಂಗಡಿ ಎದ್ದಿದೆ. ಆದರೆ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ಮನೆಯ ಬೆಳಕಿಂಡಿ. ಮಣ್ಣಿನ ಮಾಳಿಗೆಯಲ್ಲಿ ಒಂದು ಗುಂಡನೆಯ ಕಿಂಡಿ, ಅದರಿಂದ ಅಡುಗೆಮನೆಯ ಕತ್ತಲೆಯೊಳಗೆ ಇಳಿಯುವ ಬಿಸಿಲು. ನೆಲದ ಮೇಲೆ ಅದು ರೊಟ್ಟಿಯಷ್ಟೇ ಅಗಲವಾಗಿ ಬೀಳುತ್ತಿತ್ತು. ಬೆಳಿಗ್ಗೆ ಒಲೆಯ ಹತ್ತಿರ ಹುಟ್ಟಿ, ಬೀಸುವ ಕಲ್ಲನ್ನು ಹತ್ತಿ ಇಳಿದು, ಮಧ್ಯಾಹ್ನ ದಾಟಿದ ಮೇಲೆ ಅಡಕಲಿನ ಬುಡಕ್ಕೆ ಬಂದು, ಸಂಜೆಗೆ ಒಂದೊಂದೇ ಗಡಿಗೆಯನ್ನು ಮುಟ್ಟುತ್ತ ಮೇಲೇರಿ ಮಾಯವಾಗುತ್ತಿತ್ತು. ಆ ಬೆಳಕಿನೊಳಗೆ ಹಿಟ್ಟಿನ ಪುಡಿ ತೇಲುವುದನ್ನು ನೋಡುತ್ತ ನಾನು ಎಷ್ಟು ಹೊತ್ತು ಕೂತಿರುತ್ತಿದ್ದೆನೋ. ಪಡಸಾಲೆಯಿಂದ ಅಪ್ಪನ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು, ಓಡಿ, ನಿಂತು, ಮತ್ತೆ ಓಡಿ. ಅಪ್ಪ ಖಣದ ಕುಪ್ಪಸ ಹೊಲಿಯುವುದರಲ್ಲಿ ಎತ್ತಿದ ಕೈ. ಅವನ ಹೆಸರು ಸಮಾಧಾನಪ್ಪ. ಹೆಸರಿಟ್ಟವರು ಮಗು ಮುಂದೆ ಹೇಗಾಗುತ್ತದೆ ಎಂದು ನೋಡಲು ಕಾಯಲಿಲ್ಲ ಅನಿಸುತ್ತದೆ. ದಾರ ಒಂದು ಸಲ ತುಂಡಾದರೆ ಓಣಿಗೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದ. ಆ ಸಿಟ್ಟು ಇಡಿಯಾಗಿ ನನಗೆ ಬಂದಿತ್ತು. ಅಕ್ಕ ಕರುಣಾಳಿಗೆ ಅವ್ವನ ಮೆತ್ತಗಿನ ಸ್ವಭಾವ ಬಂದಿತ್ತು. ಅವಳ ಹೆಸರನ್ನು ಯಾರೂ ಹಾಸ್ಯ ಮಾಡುತ್ತಿರಲಿಲ್ಲ.

ಶನಿವಾರ ದೀಪ ಹಚ್ಚುವ ಹೊತ್ತಿಗೆ ನಾವೆಲ್ಲ ಅಡಕಲಿನ ಮುಂದೆ ಕೂರಬೇಕಿತ್ತು. ಮಾರನೆಯ ದಿನ ಸಭೆಗೆ ಹೋಗುವವರು ಹಿಂದಿನ ಸಂಜೆ ಯಾವ ಫಲ ತಿಂದೆವೆಂದು ಹೇಳಬೇಕು ಎಂಬುದು ಆಯಿಯ ಪದ್ಧತಿ. ತಿಂದದ್ದು ಎಂದರೆ ಊಟವಲ್ಲ. ಆ ವಾರ ಯಾರಲ್ಲಿ ಯಾವ ಫಲ ಕಂಡೆ, ಅದನ್ನು ಹೇಳುವುದು. ಅದಕ್ಕೆ ಎರಡು ಕಟ್ಟಳೆ. ತನ್ನದನ್ನು ತಾನು ಹೇಳಿಕೊಳ್ಳುವಂತಿಲ್ಲ. ಬೇರೆಯವರ ಬಾಯಿಂದ ಕೇಳಿದ್ದನ್ನು ಹೇಳುವಂತಿಲ್ಲ, ತಾನೇ ಕಂಡಿರಬೇಕು. ಸಭೆಯವರೇ ಆಗಬೇಕೆಂದೇನೂ ಇರಲಿಲ್ಲ. ರೋಣದಲ್ಲಿ ನಮ್ಮವರ ಮನೆಗಳಿದ್ದದ್ದೇ ಏಳು. ಅಷ್ಟರೊಳಗೇ ಹುಡುಕಿದರೆ ತಿಂಗಳಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಹೀಗಾಗಿ ನಮ್ಮ ಅಡಕಲಿನ ಮುಂದೆ ಯಾರ್ಯಾರೋ ಬರುತ್ತಿದ್ದರು. ನರೇಗಲ್ ಬಸ್ಸಿನ ಕಂಡಕ್ಟರ್ ಒಬ್ಬ ಮುದುಕಿಯ ಗಂಟನ್ನು ಬಸ್ಸಿನ ನೆತ್ತಿಯಿಂದ ತಾನೇ ಇಳಿಸಿಕೊಟ್ಟನೆಂದು ಅವ್ವ ಅವನಿಗೆ ಉಪಕಾರ ಕೊಟ್ಟಳು. ಮೂರು ಸಲ ಅಳತೆ ಬದಲಿಸಿದ ಗಿರಾಕಿಯನ್ನು ತಾನು ಬೈಯದೆ ಇದ್ದದ್ದನ್ನು ಅಪ್ಪ ಸುತ್ತುಬಳಸಿ ಹೇಳಲು ಹೋದಾಗ ಆಯಿ, ಕಟ್ಟಳೆ ಅಂದರೆ ಕಟ್ಟಳೆ ಎಂದು ಅವನ ಬಾಯಿ ಮುಚ್ಚಿಸಿದಳು. ಕರುಣಕ್ಕನ ಹೆಸರು ಎರಡು ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ನನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಇದನ್ನು ಈಗ ನಗುತ್ತ ಬರೆಯುತ್ತೇನೆ. ಆಗ ನಗು ಬರುತ್ತಿರಲಿಲ್ಲ. ಒಂಬತ್ತು ವರ್ಷದ ಹುಡುಗಿಗೆ ಪ್ರತಿ ಶನಿವಾರ ಬೇರೆಯವರ ಹೆಸರು ಕೇಳಿ ಕೇಳಿ ಏನಾಗುತ್ತದೆ ಎಂದು ದೊಡ್ಡವರಿಗೆ ಹೊಳೆದಿರಲಿಲ್ಲ. ಪ್ರತಿಯೊಬ್ಬರೂ ಬಾಯಿ ತೆರೆಯುವ ಮುನ್ನ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಈ ಸಲವಾದರೂ ಎಸ್ತವ್ವ ಅನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಎಮ್ಮೆಯ ಹಾಲು ಹಾಕುವವಳ ಹೆಸರು ಬರುತ್ತಿತ್ತು, ಎದುರುಮನೆಯ ಕಿವುಡು ಅಜ್ಜನ ಹೆಸರು ಬರುತ್ತಿತ್ತು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ತಿರುಗುವ ಹುಡುಗಿಯಲ್ಲಿ ಯಾರು ತಾನೇ ಏನು ಕಂಡಾರು? ಆದರೂ ಒಮ್ಮೆ ಹೆಸರು ಬಂದರೆ ಸಾಕು, ಆ ಬೆಳಕಿಂಡಿಯ ಬೆಳಕು ಗಡಿಗೆಗಳನ್ನು ಬಿಟ್ಟು ನನ್ನ ತಲೆಯ ಮೇಲೆ ಬೀಳುತ್ತದೆ ಎಂದು ನಾನು ಖರೇ ನಂಬಿದ್ದೆ.

ಆ ವರ್ಷ ಶ್ರಾವಣದಲ್ಲಿ ಮಲಪ್ರಭೆ ಮೆಣಸಗಿಯೊಳಗೆ ನುಗ್ಗಿತು. ನೀರು ಇಳಿದು ಮೂರನೆಯ ದಿನಕ್ಕೆ ನೀಲವ್ವ ನಮ್ಮ ಮನೆಗೆ ಬಂದಳು. ನೀಲವ್ವ ಆಯಿಯ ಗೆಳತಿ, ಮೆಣಸಗಿಯ ಒಕ್ಕಲಗಿತ್ತಿ. ಸಂತೆಗೆ ಬದನೆಕಾಯಿ ತಂದಾಗಲೆಲ್ಲ ನಮ್ಮಲ್ಲಿ ರೊಟ್ಟಿ ತಿಂದು ಹೋಗುವವಳು. ಅವಳ ಮನೆಯ ಎರಡು ಗೋಡೆ ಬಿದ್ದಿದ್ದವು. ಅವಳು ತಲೆಯ ಮೇಲೆ ಹೊತ್ತು ತಂದದ್ದು ಒಂದೇ ಒಂದು ಗಂಟು, ಬಿತ್ತುವ ಜೋಳದ್ದು. ಅಟ್ಟದ ಮೇಲಿದ್ದುದರಿಂದ ಅದೊಂದು ನೆನೆದಿರಲಿಲ್ಲ. ಅವಳ ಅತ್ತೆಯ ಕಾಲದಿಂದ ಅದೇ ಹೊಲದಲ್ಲಿ ಬೆಳೆದು, ಪ್ರತಿ ವರ್ಷ ಚಲೋ ತೆನೆ ಆರಿಸಿ, ಮುಂದಿನ ವರ್ಷಕ್ಕೆಂದು ಎತ್ತಿಟ್ಟುಕೊಂಡು ಬಂದ ಸೀತನಿ ಜೋಳ ಅದು. ಹಸಿ ತೆನೆಯನ್ನು ಸುಟ್ಟು ಉದುರಿಸಿ ತಿಂದರೆ ಹಾಲು ಕುಡಿದ ಹಾಗಿರುತ್ತದೆ. ಹೊಲ ಆರಿ ಹಿಂಗಾರಿ ಬಿತ್ತುವ ತನಕ ಒಣಗಿದ ಜಾಗದಲ್ಲಿ ಇಟ್ಟಿರು ಎಂದು ನೀಲವ್ವ ಕೇಳಿಕೊಂಡಳು. ಆಯಿ ತುದಿಯ ಎರಡು ಗಡಿಗೆ ಇಳಿಸಿ, ನಂಬಿಕೆಯಲ್ಲಿದ್ದ ಹೆಸರುಕಾಳನ್ನು ಬುಟ್ಟಿಗೆ ಸುರಿದು, ಅದರಲ್ಲಿ ನೀಲವ್ವನ ಜೋಳ ತುಂಬಿದಳು. ಬೂದಿ ಕಲಸಿದಳು, ನಡುನಡುವೆ ಬೇವಿನ ಎಲೆ ಹಾಕಿದಳು. ಆಮೇಲೆ ನಮ್ಮೆಲ್ಲರನ್ನು ಕರೆದು, ಇದು ನಮ್ಮದಲ್ಲ, ಇದನ್ನು ಯಾರೂ ಮುಟ್ಟಕೂಡದು ಎಂದಳು. ನಾನು ಅಲ್ಲೇ ನಿಂತಿದ್ದೆ. ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಬರುವುದಿಲ್ಲ.

ಎರಡು ವಾರ ಕಳೆದಿರಬೇಕು. ಜಿಟಿಜಿಟಿ ಮಳೆ ಹಿಡಿದು ಹೊಲಗಳಲ್ಲಿ ಕಾಲಿಡುವ ಹಾಗಿರಲಿಲ್ಲ. ಅಪ್ಪ ದಾರ ತರಲು ಪೇಟೆಗೆ ಹೋಗಿದ್ದ. ಆಯಿ, ಅವ್ವ, ಅಕ್ಕ ಮೂವರೂ ಮೂರು ಮನೆ ಆಚೆ ಹಡೆದವಳನ್ನು ನೋಡಲು ಹೋಗಿದ್ದರು. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಸೊಂಟದ ಮೇಲೆ ಒಂದು ಕೂಸು, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ. ಕಾಳು ಹಸನು ಮಾಡುವುದು, ಬೀಸುವುದು, ಏನಾದರೂ ಕೆಲಸ ಇದೆಯೇ ಎಂದು ಕೇಳಿದಳು. ದುಡಿಯಲು ಗೋವಾದ ಕಡೆ ಹೋಗಿ, ಅಲ್ಲೂ ಕೆಲಸ ನಿಂತು, ತವರಿಗೆ ತಿರುಗಿ ಬಂದಿದ್ದಳಂತೆ. ಮಳೆಗೆ ಇಲ್ಲಿಯೂ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಮನೆಯಲ್ಲಿ ದೊಡ್ಡವರಿಲ್ಲವೇ ಎಂದಳು. ಕೂಸು ನನ್ನ ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನೇ ನೋಡುತ್ತಿತ್ತು. ನಾನು ರೊಟ್ಟಿ ಕೊಟ್ಟೆ. ಅವಳು ತಾನು ಒಂದು ತುಣುಕೂ ತಿನ್ನದೆ ಅಷ್ಟನ್ನೂ ಕೂಸಿನ ಕೈಗಿಟ್ಟಳು. ಆಗ ನನ್ನ ತಲೆಯಲ್ಲಿ ಶನಿವಾರ ಬಂತು.

ನಾನು ಅಂದು ಮಾಡಿದ ಯೋಚನೆ ಒಂದೂ ಮರೆತಿಲ್ಲ. ಪ್ರೀತಿಯಲ್ಲಿ ಜೋಳ ಬುಡ ಕಂಡಿತ್ತು. ಅದರಲ್ಲಿ ತೆಗೆದರೆ ರಾತ್ರಿ ಹಿಟ್ಟಿಗೆ ಸಾಲದೆ ಅವ್ವನಿಗೆ ಗೊತ್ತಾಗುತ್ತಿತ್ತು, ಬೈಗುಳ ಮೊದಲು ಬರುತ್ತಿತ್ತು. ನಂಬಿಕೆಯನ್ನು ಯಾರೂ ತೆರೆಯುತ್ತಿರಲಿಲ್ಲ. ನೀಲವ್ವ ಬರುವಷ್ಟರಲ್ಲಿ ಸಂತೆಯ ಜೋಳ ತಂದು ತುಂಬಿದರಾಯಿತು. ದರ್ಜಿಯ ಮಗಳು ನಾನು. ಜೋಳವೆಂದರೆ ಜೋಳ ಎಂದುಕೊಂಡಿದ್ದೆ. ಬಟ್ಟೆಯ ತುಂಡಿಗೂ ಬಟ್ಟೆಯ ತುಂಡಿಗೂ ವ್ಯತ್ಯಾಸ ಹೇಳಬಲ್ಲವಳಿಗೆ ಬಿತ್ತುವ ಕಾಳು ಬೇರೆ, ಉಣ್ಣುವ ಕಾಳು ಬೇರೆ ಎಂದು ತಿಳಿದಿರಲಿಲ್ಲ. ಸ್ಟೂಲು ಹತ್ತಿ ಬೆಲ್ಲದ ಗಡಿಗೆ ಇಳಿಸಿದೆ, ಸಾಧುತ್ವ ಇಳಿಸಿದೆ, ನಂಬಿಕೆ ಬರಿದಾಗುವ ತನಕ ಕಾಳು ಕೇರುವ ಮರಕ್ಕೆ ಮೂರು ಸಲ ಬಗ್ಗಿಸಿಕೊಂಡು ಆ ಹೆಂಗಸಿನ ಸೆರಗಿಗೆ ಸುರಿದೆ. ಮೋಡಗತ್ತಲೆಯಲ್ಲಿ ಅವಳಿಗೆ ಕಾಳಿಗೆ ಹತ್ತಿದ ಬೂದಿ ಕಾಣುವಂತಿರಲಿಲ್ಲ. ಇಷ್ಟು ಯಾಕ್ ಕೊಡಾಕತ್ತೀಯವಾ ಎಂದು ಕೇಳಿದಳು. ಮನೆಯಲ್ಲಿ ಕೊಡು ಎಂದಿದ್ದಾರೆ ಎಂದು ಸುಳ್ಳು ಹೇಳಿದೆ. ಅವಳು ಸೆರಗು ಗಂಟು ಹಾಕಿಕೊಂಡು, ನನ್ನ ಕೆನ್ನೆ ಸವರಿ ಬೆರಳು ಮುರಿದು ಮಳೆಯಲ್ಲಿ ಇಳಿದು ಹೋದಳು. ನಾನು ಗಡಿಗೆಗಳನ್ನು ಮತ್ತೆ ಜೋಡಿಸಿ, ಕೈಯ ಬೂದಿ ಒರೆಸಿಕೊಂಡೆ.

ಆದರೆ ಆಮೇಲೆ ಕಟ್ಟಳೆ ನೆನಪಾಯಿತು. ಯಾರೂ ನೋಡಿಲ್ಲ! ನನ್ನದನ್ನು ನಾನು ಹೇಳುವಂತಿಲ್ಲ. ಎರಡು ದಿನ ಚಡಪಡಿಸಿ ಕೊನೆಗೆ ಕರುಣಕ್ಕನಿಗೆ ಗಂಟುಬಿದ್ದೆ. ಹಸಿದವಳಿಗೆ ನಾನು ಜೋಳ ಕೊಟ್ಟಿದ್ದೇನೆ, ನೀನು ನೋಡಿದೆ ಎಂದು ಹೇಳಬೇಕು ಎಂದೆ. ಸುಳ್ಳು ಹೇಳಲು ಅಕ್ಕ ಒಪ್ಪಲಿಲ್ಲ. ಆದರೆ ನನ್ನ ಮುಖ ನೋಡಿ ಅವಳಿಗೆ ಪಾಪ ಅನಿಸಿರಬೇಕು. ಶನಿವಾರ ತನ್ನ ಸರದಿ ಬಂದಾಗ, ತಾನು ಕಂಡದ್ದಲ್ಲ, ಆದರೂ ಈ ಒಂದು ಸಲ ಹೇಳಲು ಬಿಡಬೇಕು ಎಂದು ಕೇಳಿಕೊಂಡು, ಎಸ್ತವ್ವನ ಉಪಕಾರ ಎಂದಳು.

ಆ ಕ್ಷಣ ಹೇಗಿತ್ತೆಂದು ಬರೆಯಲು ನನಗೆ ಇಂದಿಗೂ ನಾಚಿಕೆ. ಅವ್ವ ನನ್ನ ಬೆನ್ನು ಸವರಿದಳು. ಅಪ್ಪ ಕತ್ತರಿ ಕೆಳಗಿಟ್ಟು ನಕ್ಕ. ಆಯಿ ನನ್ನನ್ನು ಹತ್ತಿರ ಕರೆದು ನೆತ್ತಿಯ ಮೇಲೆ ಕೈಯಿಟ್ಟಳು. ದೀಪದ ಬೆಳಕಿನಲ್ಲಿ ಗಡಿಗೆಗಳೆಲ್ಲ ನನ್ನ ಕಡೆಗೇ ಬಾಗಿದ ಹಾಗಿದ್ದವು. ಆಗ ಅವ್ವ, ಮೊನ್ನೆ ಜೋಳ ಅಳೆದಾಗ ಏನೂ ಕಡಿಮೆಯಾಗಿರಲಿಲ್ಲವಲ್ಲ, ಯಾವ ಗಡಿಗೆಯಿಂದ ಕೊಟ್ಟೆ ಎಂದು ಸುಮ್ಮನೆ ಕೇಳಿದಳು. ನಾನು ಬೆರಳು ತೋರಿಸಿದೆ. ಆಯಿಯ ಕೈ ನನ್ನ ತಲೆಯಿಂದ ಜಾರಿತು. ಅವಳೇ ಎದ್ದು ಬೆಲ್ಲ ಇಳಿಸಿದಳು, ಸಾಧುತ್ವ ಇಳಿಸಿದಳು, ನಂಬಿಕೆಯೊಳಗೆ ಮೊಣಕೈ ತನಕ ಕೈ ಹಾಕಿದಳು. ತೆಗೆದಾಗ ಕೈಗೆ ಬೂದಿ ಹತ್ತಿತ್ತು, ಒಂದು ಬೇವಿನ ಎಲೆ ಬೆರಳಿಗೆ ಅಂಟಿತ್ತು, ಐದಾರು ಕಾಳು ಅಂಗೈಯಲ್ಲಿದ್ದವು. ಅಪ್ಪ ಗಜಕಡ್ಡಿ ಹಿಡಿದು ಎದ್ದ. ಆಯಿ ಅವನನ್ನು ಒಂದೇ ನೋಟದಲ್ಲಿ ಕೂರಿಸಿ ನನ್ನ ಕಡೆ ತಿರುಗಿದಳು.

“ಆಕಿ ಹೆಸರೇನು?”

“ಗೊತ್ತಿಲ್ಲ ಆಯಿ.”

“ಯಾವ ಊರಾಕಿ?”

“ಕೇಳಿಲ್ಲ.”

“ಹೆಸರ ಕೇಳಲಾರ್ದ ಕೊಟ್ಟಿ,” ಎಂದಳು ಆಯಿ. “ಹಂಗಾರ ನೀ ಆಕಿಗೆ ಕೊಟ್ಟಿಲ್ಲವ್ವ.”

ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ. ಹೊಡೆದಿದ್ದರೆ ಅತ್ತು ಮರೆಯುತ್ತಿದ್ದೆ. ಆ ಮಾತಿಗೆ ಅವಳ ಅಂಗೈಯ ಐದಾರು ಕಾಳನ್ನೇ ನೋಡುತ್ತ ನಿಂತೆ. ಸಂತೆಯಲ್ಲಿ ಬೇರೆ ಬೀಜ ಕೊಂಡು ತುಂಬೋಣ ಎಂದ ಅಪ್ಪ. ನೀಲವ್ವನ ಅತ್ತೆ ಆರಿಸಿದ ತೆನೆ ಯಾವ ಸಂತೆಯಲ್ಲಿ ಸಿಗುತ್ತದೆ ಎಂದಳು ಆಯಿ. ಮೂರು ದಿನ ಆಯಿ, ಅವ್ವ ಆ ಹೆಂಗಸನ್ನು ಹುಡುಕಿದರು. ಕೂಸಿರುವ, ಗೋವಾದಿಂದ ಬಂದ, ಹೆಸರು ಗೊತ್ತಿಲ್ಲದ ಹೆಂಗಸು ಎಂದರೆ ಯಾರು ಏನು ಹೇಳುತ್ತಾರೆ? ಅಲ್ಲದೆ ಹಸಿದವಳು ಅದನ್ನು ಬೀಸಿ ಉಂಡು ಮುಗಿಸಿರುತ್ತಾಳೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೊನೆಗೆ ಆಯಿ, ನೀಲವ್ವ ಬಂದಾಗ ಇದನ್ನು ಎಸ್ತವ್ವನೇ ಹೇಳಬೇಕು, ಅಲ್ಲಿಯ ತನಕ ಮನೆಯಲ್ಲಿ ಯಾರೂ ಈ ಮಾತು ಎತ್ತಬಾರದು ಎಂದಳು.

ಯಾರೂ ಎತ್ತಲಿಲ್ಲ. ಅದೇ ಕಷ್ಟವಾಗಿತ್ತು. ಅವ್ವ ಎಂದಿನ ಹಾಗೆ ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕುತ್ತಿದ್ದಳು. ಅಪ್ಪ, ಸಿಟ್ಟಿನ ಮೂಟೆ ಅಪ್ಪ, ದಾರ ತುಂಡಾದಾಗ ಕೂಗಲು ಬಾಯಿ ತೆರೆದು, ನನ್ನನ್ನು ಕಂಡು, ಬಾಯಿ ಮುಚ್ಚುತ್ತಿದ್ದ. ಮಳೆ ನಿಂತು ಬಿಸಿಲು ಬಂತು. ಬೆಳಕಿನ ರೊಟ್ಟಿ ಮತ್ತೆ ನೆಲದ ಮೇಲೆ ಸರಿಯತೊಡಗಿತು. ನಾನು ಶಾಲೆಯಿಂದ ಬಂದವಳೇ ಅದರ ಮುಂದೆ ಕೂರುತ್ತಿದ್ದೆ. ಅದು ಪ್ರೀತಿಯನ್ನು ಮುಟ್ಟಿ, ಉಪಕಾರವನ್ನು ಮುಟ್ಟಿ, ನಂಬಿಕೆಯ ಹೊಟ್ಟೆಯ ಮೇಲೆ ಬಂದು ನಿಲ್ಲುವಾಗ ಕಣ್ಣು ತಗ್ಗಿಸುತ್ತಿದ್ದೆ. ಅರೆನಿದ್ದೆಯಲ್ಲಿ ಒಂದು ಹೊಲ ಕಾಣುತ್ತಿತ್ತು. ಕಪ್ಪು ಮಣ್ಣು, ತುದಿ ಕಾಣದಷ್ಟು ಉದ್ದ, ಅದರಲ್ಲಿ ನೀಲವ್ವ ಬರಿಗೈಯಲ್ಲಿ ಬೀಜ ಬಿಡುತ್ತ ನಡೆಯುತ್ತಿದ್ದಳು. ಎಷ್ಟು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಈಗಲೂ ಜ್ವರ ಬಂದಾಗ ಆ ಹೊಲ ಬರುತ್ತದೆ.

ನೀಲವ್ವ ಸಂತೆಯ ದಿನ ಬಂದಳು. ಹೊಲ ಹದಕ್ಕೆ ಬಂದಿದೆ, ಬಂಡಿ ಹೊರಗೆ ನಿಂತಿದೆ ಎನ್ನುತ್ತಲೇ ಒಳಗೆ ಬಂದಳು. ಅವಳ ಮುಖದಲ್ಲಿ ಆ ದಿನ ಇದ್ದ ಹುರುಪು ನೋಡಿ ನಾನು ಅವ್ವನ ಹಿಂದೆ ಸರಿದೆ. ಆಯಿ ನನ್ನನ್ನು ಮುಂದೆ ನಿಲ್ಲಿಸಿ ತಾನು ಪಕ್ಕಕ್ಕೆ ಸರಿದಳು. ನಾನು ಎಲ್ಲವನ್ನೂ ಹೇಳಿದೆ. ಶನಿವಾರದ ಆಸೆಯನ್ನೂ, ಹೆಂಗಸಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ನೀಲವ್ವ ನಿಂತವಳು ಕೂತಳು. ನೀರು ಕೇಳಿ ಕುಡಿದಳು. ಖಾಲಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಒಳಗೆ ಕೈಯಾಡಿಸುತ್ತಲೇ ಇದ್ದಳು. ನಮ್ಮ ಅತ್ತಿ ಸಾಯೂಮುಂದ ಬೀಜ ಹುಷಾರು ಅಂದಿದ್ದಳು ಎಂದು ಯಾರಿಗೋ ಹೇಳುವ ಹಾಗೆ ಹೇಳಿದಳು. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ನನ್ನ ಕೈ ಹಿಡಿದು ಎಳೆದು ತನ್ನ ಪಕ್ಕ ಕೂರಿಸಿಕೊಂಡಳು.

“ಹಸದಾಕಿ ಹೊಟ್ಟಿಗೆ ಹೋಗೇತಿ, ಹೊಳಿಗೆ ಹೋಗಿಲ್ಲ. ಹೊಳಿ ಒಯ್ದಿದ್ರ ನಾ ಯಾರನ್ನ ಕೇಳ್ತಿದ್ನಿ? ಅಳಬ್ಯಾಡ.”

ಅತ್ತದ್ದು ಅವಳು, ಅಳಬೇಡ ಎಂದದ್ದು ನನಗೆ. ಆಮೇಲೆ ಊರಲ್ಲಿ ಯಾರ ಹತ್ತಿರವಾದರೂ ಬೀಜ ಇಸಿದುಕೊಳ್ಳುತ್ತೇನೆ ಎಂದು ಬಂಡಿ ಹತ್ತಿ ಹೋದಳು. ರೊಟ್ಟಿ ತಿನ್ನದೆ ಅವಳು ನಮ್ಮ ಮನೆಯಿಂದ ಹೋದದ್ದು ಅದೊಂದೇ ಸಲ.

ಮೂರನೆಯ ದಿನ ಮಧ್ಯಾಹ್ನ, ಬೆಳಕು ಬೀಸುವ ಕಲ್ಲಿನ ಮೇಲಿತ್ತು, ಬಾಗಿಲಲ್ಲಿ ನೆರಳು ಬಿತ್ತು. ಅದೇ ಹೆಂಗಸು, ಸೊಂಟದ ಮೇಲೆ ಅದೇ ಕೂಸು. ತಲೆಯ ಮೇಲೊಂದು ಗಂಟು. ದೊಡ್ಡವರು ಇದ್ದಾರೆಯೇ ಎಂದು ಈ ಸಲವೂ ಕೇಳಿದಳು. ಆಯಿ ಹೊರಗೆ ಬಂದಾಗ ಗಂಟನ್ನು ಇಳಿಸಿ ಬಿಚ್ಚಿದಳು. ಬೂದಿ ಹತ್ತಿದ ಬೆಳ್ಳನೆಯ ಕಾಳು, ಒಣಗಿದ ಬೇವಿನ ಎಲೆ. ಅಂದು ಸಂಜೆ ಬೀಸಲೆಂದು ಮರಕ್ಕೆ ಸುರಿದಾಗ ಅವಳಿಗೆ ಇದು ಏನೆಂದು ತಿಳಿಯಿತಂತೆ. ಅವಳ ತಾಯಿ, ದೇವರು ಕೊಟ್ಟದ್ದು ಬೀಸು ಎಂದರೂ ಕೇಳದೆ ಹಾಗೇ ಕಟ್ಟಿ ತೊಲೆಗೆ ನೇತುಹಾಕಿದ್ದಳು. ಮಾರನೆಯ ದಿನವೇ, ಮಳೆ ಬಿಟ್ಟಿದ್ದ ಗಜೇಂದ್ರಗಡದ ಕಡೆ ಉಳ್ಳಾಗಡ್ಡಿ ಕೀಳಲು ಗುಂಪಿನ ಜೊತೆ ಹೋಗಬೇಕಾಗಿ ಬಂತು. ನಿನ್ನೆ ತಿರುಗಿ ಬಂದವಳು ಇಂದು ಸವಡಿಯಿಂದ ನಡೆದುಕೊಂಡೇ ಬಂದಿದ್ದಳು.

“ಇದು ಬಿತ್ತೂ ಕಾಳ್ರಿ, ಉಣ್ಣೂದಲ್ಲ,” ಎಂದಳು. “ಸಣ್ಣ ಹುಡುಗಿ, ತಿಳೀಲಾರ್ದ ಕೊಟ್ಟೈತಿ. ಬಿತ್ತಿಗಿ ಹೊತ್ತು ಮೀರಿತೇನೋ ಅಂತ ಲಗೂ ಲಗೂ ಬಂದ್ನಿರಿ.”

ಆಯಿ ಗಂಟಿನ ಮುಂದೆ ಕೂತು ಅದರ ಅಂಚುಗಳನ್ನು ಮತ್ತೆ ಕೂಡಿಸಿದಳು. ಆಮೇಲೆ ಕೇಳಿದಳು.

“ಆವತ್ತ ಏನ್ ಉಂಡ್ರಿ?”

ಹೆಂಗಸು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

“ಆವತ್ತಿಂದು ಆವತ್ತಿಗೇ ಹೋತ್ರಿ.”

ನಾನು ಬಾಗಿಲ ಹಿಂದೆ ನಿಂತಿದ್ದೆ. ಮೂರು ಮರ ಜೋಳ ಮನೆಯಲ್ಲಿ ತೂಗುತ್ತಿದ್ದಾಗ ಅದರ ಕೆಳಗೆ ಹಸಿದು ಮಲಗಿದ ತಾಯಿ, ಮಗಳು, ಕೂಸು. ಯಾರೂ ನೋಡುತ್ತಿರಲಿಲ್ಲ. ಶನಿವಾರ ಅವಳ ಹೆಸರು ಹೇಳುವವರು ಯಾರೂ ಇರಲಿಲ್ಲ. ನಾನು ಓಡಿ ಹೋಗಿ ಅವಳ ಮುಂದೆ ನಿಂತೆ. ತಪ್ಪಾಯಿತು ಎನ್ನಬೇಕೆಂದು ಹೊರಟವಳ ಬಾಯಿಂದ ಬಂದದ್ದು ಬೇರೆ.

“ನಿಮ್ಮ ಹೆಸರೇನ್ರಿ?”

“ದುರಗವ್ವ,” ಎಂದಳು ಅವಳು. ತನ್ನ ಹೆಸರನ್ನು ಯಾರಾದರೂ ಕೇಳಿ ಬಹಳ ದಿನವಾಗಿತ್ತೋ ಏನೋ, ಇನ್ನೊಮ್ಮೆ ಹೇಳಿದಳು.

ಆ ಮಧ್ಯಾಹ್ನ ದುರಗವ್ವ ನಮ್ಮ ಅಡುಗೆಮನೆಯಲ್ಲಿ ಕೂತು ಉಂಡಳು. ಅಪ್ಪ ಯಂತ್ರ ನಿಲ್ಲಿಸಿ, ಗಂಟು ಹೊತ್ತು, ನನ್ನನ್ನು ಕರೆದುಕೊಂಡು ಮೆಣಸಗಿಗೆ ಹೋಗುವ ಬಸ್ಸು ಹತ್ತಿದ. ನಾವು ತಲುಪುವಷ್ಟರಲ್ಲಿ ನೀಲವ್ವ ಅರ್ಧ ಹೊಲಕ್ಕೆ ಯಾರದೋ ಬೀಜ ಬಿತ್ತಿ ಮುಗಿಸಿದ್ದಳು. ಉಳಿದ ಅರ್ಧ ಹಾಗೇ ಇತ್ತು. ಅಪ್ಪ ಗಂಟು ಬಿಚ್ಚಿದಾಗ ಅವಳು ಒಂದು ಹಿಡಿ ತೆಗೆದು ಮೂಸಿ ನೋಡಿದಳು, ಆಮೇಲೆ ಏನೂ ಕೇಳದೆ ಉಡಿಗೆ ತುಂಬಿಕೊಂಡು ಎತ್ತುಗಳ ಹಿಂದೆ ನಡೆದಳು. ಬಿಸಿಲು ಇಳಿಯುತ್ತಿತ್ತು. ಕಪ್ಪು ಮಣ್ಣಿನ ಮೇಲೆ ಅವಳ ನೆರಳು ಉದ್ದವಾಗಿ ಮಲಗಿತ್ತು. ನನ್ನ ಕನಸಿನ ಹೊಲವೇ ಅದು. ಆದರೆ ಈ ಸಲ ಅವಳ ಕೈ ತುಂಬಿತ್ತು. ಕೂಗಿದರೆ ತಿರುಗಿಯೂ ನೋಡಿದಳು.

ಶನಿವಾರ ನನ್ನ ಸರದಿ ಬಂದಾಗ, ದುರಗವ್ವನ ಶಮೆದಮೆ ಎಂದೆ. ಆಯಿ ತನ್ನ ಸರದಿಯಲ್ಲಿ ನೀಲವ್ವನ ಸಾಧುತ್ವ ಎಂದಳು. ಅವ್ವ ನಾಚುತ್ತ, ಇವರ ದೀರ್ಘಶಾಂತಿ ಎಂದು ಅಪ್ಪನ ಕಡೆ ತೋರಿಸಿದಳು. ಗಜಕಡ್ಡಿಯನ್ನು ಕೆಳಗಿಟ್ಟ ಆ ಒಂದು ಸಂಜೆಯಿಂದ ಹಿಡಿದು ಅಷ್ಟೂ ದಿನ ಅವನು ಬಾಯಿ ಕಟ್ಟಿಕೊಂಡಿದ್ದನ್ನು ಅವಳು ಗಮನಿಸಿದ್ದಳು. ಅಪ್ಪ ಎದ್ದು ಹೊರಗೆ ಹೋದ, ಕಣ್ಣಿಗೆ ಏನೋ ಬಿತ್ತು ಎಂದು. ಆ ವಾರ ನನ್ನ ಹೆಸರು ಬರಲಿಲ್ಲ ಎಂಬುದು ಹಾಸಿಗೆಯಲ್ಲಿ ಮಲಗಿದ ಮೇಲೆ ನನಗೆ ನೆನಪಾಯಿತು. ಅಂದು ನಾನು ಯಾರ ಮುಖವನ್ನೂ ಕಾಯುತ್ತ ನೋಡಿರಲಿಲ್ಲ.

ಚಳಿಗಾಲದಲ್ಲಿ ನೀಲವ್ವ ಸೀತನಿ ತಿನ್ನಲು ನಮ್ಮೆಲ್ಲರನ್ನೂ ಕರೆದಳು, ದುರಗವ್ವನನ್ನೂ ಕರೆದಳು. ಹೊಲದಲ್ಲಿ ಸಗಣಿ ಕುಳ್ಳಿನ ಬೆಂಕಿ ಮಾಡಿ, ಹಾಲುಗಾಳಿನ ತೆನೆಗಳನ್ನು ಸುಟ್ಟು, ಅಂಗೈಯಲ್ಲಿ ತಿಕ್ಕಿ ಊದಿ, ಬಿಸಿಬಿಸಿ ಕಾಳನ್ನು ಕೊಬ್ಬರಿ ಬೆಲ್ಲದ ಜೊತೆ ತಿಂದೆವು. ದುರಗವ್ವನ ಕೂಸು ಎರಡೂ ಕೈಯಲ್ಲಿ ಮುಕ್ಕುತ್ತಿತ್ತು. ಮೊದಲ ಹಿಡಿಯನ್ನು ನೀಲವ್ವ ಆಯಿಗೆ ಕೊಡಲಿಲ್ಲ, ಅಪ್ಪನಿಗೂ ಕೊಡಲಿಲ್ಲ; ದುರಗವ್ವನಿಗೆ ಕೊಟ್ಟಳು. ನಾವು ಹೊರಡುವಾಗ ಅತಿ ದೊಡ್ಡ ತೆನೆಗಳಿಗೆ ಗುರುತಿನ ದಾರ ಕಟ್ಟಿದ್ದನ್ನು ತೋರಿಸಿದಳು. ಅವು ಮುಂದಿನ ವರ್ಷದ ಬೀಜಕ್ಕೆ. ದಾರ ಅಪ್ಪನ ಯಂತ್ರದ್ದು, ಕೆಂಪು.

ಅಂದಿನಿಂದ ನಮ್ಮ ಮನೆಯಲ್ಲಿ ತುದಿಯ ಬೆಲ್ಲದ ಗಡಿಗೆಗೆ ದುರಗವ್ವ ಎಂದೇ ಹೆಸರಾಯಿತು. ಮನೆಗೆ ಬಂದ ಚರ್ಚಿನ ಅಯ್ಯನವರ ಮುಂದೆ ಅವ್ವ, ದುರಗವ್ವನ್ನ ಇಳಸ ಎಂದು ಅಕ್ಕನಿಗೆ ಕೂಗಿ ಹೇಳಿ, ಅವರು ಚಹಾದ ಬಟ್ಟಲು ಹಿಡಿದುಕೊಂಡು ಕಣ್ಣು ಪಿಳಿಪಿಳಿ ಬಿಟ್ಟದ್ದುಂಟು. ಆಯಿ ಯಾವುದನ್ನೂ ವಿವರಿಸಲು ಹೋಗಲಿಲ್ಲ. ನಾನು ದೊಡ್ಡವಳಾಗಿ ನರಗುಂದದಲ್ಲಿ ಅಂಗನವಾಡಿ ಟೀಚರ್ ಆದೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಉಣಬಡಿಸಿದೆ. ತಾಟು ಮುಂದೆ ಇಡುವ ಮೊದಲು ಹೆಸರು ಕೇಳುತ್ತಿದ್ದೆ, ದಿನವೂ, ಗೊತ್ತಿದ್ದರೂ. ಟೀಚರಿಗೆ ಮರೆವು ಜಾಸ್ತಿ ಎಂದು ತಾಯಂದಿರು ನಗುತ್ತಿದ್ದರು. ಸಿಟ್ಟು ಮಾತ್ರ ಹೋಗಲಿಲ್ಲ, ಅದು ಅಪ್ಪನದು.

ಈಗ ನನ್ನ ಅಡುಗೆಮನೆಯ ಹಲಗೆಯ ಮೇಲೆ ಒಂಬತ್ತು ಸ್ಟೀಲ್ ಡಬ್ಬಿಗಳಿವೆ. ಮೊಮ್ಮಗಳಿಗೆ ಅವುಗಳ ಹೆಸರು ಬಾಯಿಪಾಠ. ಕಳೆದ ಭಾನುವಾರ ಸಭೆ ಮುಗಿದ ಮೇಲೆ ಮಕ್ಕಳ ತರಗತಿ ನಡೆಸುವ ಹುಡುಗಿ ಫೋನ್ ಮಾಡಿದಳು. ನಿಮ್ಮ ಮೊಮ್ಮಗಳು ಒಂಬತ್ತು ಫಲಗಳಲ್ಲಿ ಎಂಟನ್ನು ತಪ್ಪಿಲ್ಲದೆ ಹೇಳಿದಳು, ಒಂಬತ್ತನೆಯದಕ್ಕೆ ಮಾತ್ರ ದುರಗವ್ವ ಎಂದಳು, ಎಷ್ಟು ತಿದ್ದಿದರೂ ಕೇಳಲಿಲ್ಲ, ಮನೆಯಲ್ಲಿ ಒಂದು ಸಲ ಹೇಳಿಕೊಡಿ ಎಂದಳು. ನಾನು ಪಕ್ಕದಲ್ಲಿ ನಿಂತಿದ್ದ ಮಗುವನ್ನು ನೋಡಿದೆ. ಅದು ನನ್ನ ಮುಖವನ್ನೇ ನೋಡುತ್ತಿತ್ತು, ಒಂದು ಕಾಲದಲ್ಲಿ ನಾನು ಎಲ್ಲರ ಮುಖ ನೋಡುತ್ತಿದ್ದ ಹಾಗೆ.

“ತಪ್ಪ ಹೇಳಿಲ್ಲವಾ ಆಕಿ,” ಎಂದೆ ಫೋನಿನಲ್ಲಿ. “ಸವಡಿ ದುರಗವ್ವ. ನಾ ಕಂಡೀನಿ.”